ಪಿಎಂ-ವಾಣಿ

ಪಿಎಂ-ವಾಣಿಯು ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ವೈ-ಫೈ ಮೂಲಕ ಸಾರ್ವಜನಿಕರಿಗೆ ಹಂಚಲು ಅವಕಾಶ ಕಲ್ಪಿಸುವ ಭಾರತ ಸರ್ಕಾರದ ವ್ಯವಸ್ಥೆ. ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್ 9ರಂದು ಇದಕ್ಕೆ ಅನುಮೋದನೆ ನೀಡಿತು.

ಹಿನ್ನೆಲೆ

2008ರ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಮಿಂಚಂಚೆಯನ್ನು ನವಿ ಮುಂಬಯಿಯ ಮನೆಯೊಂದರ ಭದ್ರಪಡಿಸದ ವೈ-ಫೈ ಬಳಸಿ ಕಳುಹಿಸಲಾಗಿತ್ತು. ಮರುವರ್ಷ ದೂರಸಂಪರ್ಕ ಇಲಾಖೆಯು ವೈ-ಫೈ ಸಂಪರ್ಕಗಳನ್ನು ಭದ್ರಪಡಿಸುವಂತೆ ಸೂಚಿಸಿತು.

ಕಾರ್ಯವಿಧಾನ

ಸಂಪರ್ಕ ಹಂಚುವ ಸ್ಥಳಕ್ಕೆ ಸಾರ್ವಜನಿಕ ದತ್ತಾಂಶ ಕಚೇರಿ (ಪಿಡಿಒ) ಎಂದು ಹೆಸರು; ಗ್ರಾಮ ಪಂಚಾಯಿತಿಯ ಪಿಡಿಒ ಹುದ್ದೆಗೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಪರವಾನಗಿಯಾಗಲಿ ನೋಂದಣಿಯಾಗಲಿ ಬೇಕಿಲ್ಲ. ಆದುದರಿಂದ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂತಹ ಊರಿನ ಕಿರಾಣಿ ಅಂಗಡಿಯೂ ಇಂತಹ ಕಚೇರಿಯಾಗಬಹುದು. ಬಳಕೆದಾರರ ದೃಢೀಕರಣ ಹಾಗೂ ಲೆಕ್ಕಪತ್ರವು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿತವಾದ ಸಂಸ್ಥೆಯ ಹೊಣೆ.

ದರ

ಟ್ರಾಯ್‌ನ 2025ರ ಆದೇಶದಂತೆ, 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಈ ಕಚೇರಿಗಳಿಂದ ಗೃಹಬಳಕೆಯ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯುವಂತಿಲ್ಲ.