ಊರು ಬಿಟ್ಟು ಬದುಕಿದ ಕಾಲ: ಧಾರವಾಡ ಸೀಮೆಯ ಪ್ಲೇಗು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ಹುಬ್ಬಳ್ಳಿ-ಧಾರವಾಡ ಸೀಮೆಯನ್ನೂ ಹೊಕ್ಕಿತು. ಆಗ ನವಲಗುಂದ, ಕಲಘಟಗಿಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಕುಂದಗೋಳವು ಜಮಖಂಡಿ ಸಂಸ್ಥಾನದ ಆಡಳಿತದಲ್ಲಿತ್ತು. ಬೇನೆಗೆ ಮಾತ್ರ ಈ ಗಡಿಗಳ ಹಂಗಿರಲಿಲ್ಲ.

ಎರೆಸೀಮೆಯ ಮನೆಗಳ ಮಣ್ಣಿನ ಗೋಡೆಗಳೂ ಜೋಳವನ್ನು ತುಂಬಿಡುವ ‘ಹಗೆ’ ಎಂಬ ನೆಲಗುಳಿಗಳೂ ಇಲಿಗಳಿಗೆ ನೆಲೆಯಾಗಿದ್ದವು. ಇಲಿಯ ಮೈಮೇಲಿನ ಚಿಗಟವು ರೋಗವನ್ನು ದಾಟಿಸುತ್ತದೆಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ 1898ರಲ್ಲಿ ತೋರಿಸಿದನಾದರೂ, ಅದಕ್ಕೆ ಒಪ್ಪಿಗೆ ದೊರೆಯಲು ವರ್ಷಗಳೇ ಹಿಡಿದವು. ಮನೆಯಲ್ಲಿ ‘ಇಲಿ ಬಿದ್ದರೆ’, ಎಂದರೆ ಇಲಿ ತಾನಾಗಿ ಸತ್ತುಬಿದ್ದರೆ, ಜನ ಊರು ಬಿಟ್ಟು, ಹೊಲಗಳಲ್ಲಿ ಜೋಳದ ಕಣಿಕೆಯಿಂದ, ಅಂದರೆ ತೆನೆ ಕೊಯ್ದುಳಿದ ದಂಟಿನಿಂದ, ಗುಡಿಸಲು ಕಟ್ಟಿ, ಒಲೆ ಹೂಡಿ, ದನಕರುಗಳನ್ನು ಪಕ್ಕದಲ್ಲೇ ಕಟ್ಟಿಕೊಂಡು, ಬೇನೆ ಇಳಿಯುವವರೆಗೆ ಅಲ್ಲಿಯೇ ಬದುಕುತ್ತಿದ್ದರು. ಸರ್ಕಾರವೂ 1897ರ ಸಾಂಕ್ರಾಮಿಕ ರೋಗ ಕಾಯಿದೆಯ ಬಲದಿಂದ ಊರುಗಳನ್ನು ತೆರವು ಮಾಡಿಸುತ್ತಿತ್ತು. ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ವಿಜ್ಞಾನಿ ಹಾಫ್‌ಕಿನ್ ರೂಪಿಸಿದ ಪ್ಲೇಗಿನ ಲಸಿಕೆ ಹಾಕಿಸಿಕೊಂಡರು.

2020ರ ಮಾರ್ಚಿನಲ್ಲಿ ಕೋವಿಡ್ ತಡೆಯಲು ಅದೇ 1897ರ ಕಾಯಿದೆ ಕರ್ನಾಟಕದಲ್ಲಿ ಮತ್ತೆ ಬಳಕೆಗೆ ಬಂದಾಗ ಕಟ್ಟಳೆ ತಿರುವುಮುರುವಾಗಿತ್ತು: ಅಂದು ಮನೆ ಬಿಡುವುದೇ ರಕ್ಷೆಯಾಗಿತ್ತು, ಈ ಬಾರಿ ಮನೆಯೊಳಗಿರುವುದೇ ರಕ್ಷೆಯಾಯಿತು.