ಸಿಂದಗಿ ಸೀಮೆಯ ಮಡ್ಡಿ ಹುಲ್ಲುಗಾವಲು

ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ, ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಕಲ್ಲುದಿಣ್ಣೆಗಳ ಮೇಲೆ ಹಬ್ಬಿರುವ ಒಣ ಹುಲ್ಲುನೆಲವನ್ನು ಸ್ಥಳೀಯರು ಮಡ್ಡಿ ಎನ್ನುತ್ತಾರೆ. ತಗ್ಗಿನಲ್ಲಿ ಬಿಳಿಜೋಳ ಬೆಳೆಯುವ ಎರೆಭೂಮಿ, ಎತ್ತರದಲ್ಲಿ ಕುರಿ ಮೇಯುವ ಮಡ್ಡಿ. ಈ ಜೋಡಿಯ ಮೇಲೆ ಇಲ್ಲಿನ ಬದುಕು ಸಾವಿರಾರು ವರ್ಷ ನಿಂತಿದೆ. ಮಡ್ಡಿಯ ಇತಿಹಾಸವೆಂದರೆ ಬಹುಮಟ್ಟಿಗೆ ಕುರಿಯ ಮತ್ತು ಕುರಿಗಾಹಿಯ ಇತಿಹಾಸ.

ನೆಲ ಮತ್ತು ಸಸ್ಯ

ಸಿಂದಗಿ, ಇಂಡಿ ಕಡೆ ನೆಲದಡಿ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆಯಿದೆ. ತಾಳಿಕೋಟೆ, ಮುದ್ದೇಬಿಹಾಳದತ್ತ ಸುಣ್ಣಕಲ್ಲು ಮತ್ತು ಗ್ರಾನೈಟ್ ಕಾಣಿಸುತ್ತವೆ. ವರ್ಷದ ಮಳೆ ಸುಮಾರು 600 ಮಿ.ಮೀ.; ಅದೂ ವರ್ಷದಿಂದ ವರ್ಷಕ್ಕೆ ಏರುಪೇರು. ದಿಣ್ಣೆಯ ಮೇಲೆ ಗೇಣುದ್ದವೂ ಮಣ್ಣಿಲ್ಲದ ಕಡೆ ದಟ್ಟ ಕಾಡು ಬೆಳೆಯುವುದಿಲ್ಲ, ಹುಲ್ಲು ಬೆಳೆಯುತ್ತದೆ. ಊಬು ಚುಚ್ಚುವ ಹೆಟೆರೊಪೋಗಾನ್, ಅರಿಸ್ಟಿಡ ಜಾತಿಯ ಹುಲ್ಲುಗಳ ನಡುವೆ ಅಲ್ಲಲ್ಲಿ ಬಾರಿ, ಜಾಲಿ, ಬನ್ನಿ, ತಂಗಡಿ ಗಿಡಗಳಿರುತ್ತವೆ. ಬೇಸಿಗೆಯಲ್ಲಿ ನೋಡಿದವರಿಗೆ ಬರಡಾಗಿ ತೋರುವ ಈ ನೆಲ ಮೊದಲ ಮುಂಗಾರು ಬಿದ್ದ ಕೆಲವೇ ದಿನಗಳಲ್ಲಿ ಹಸಿರಾಗುತ್ತದೆ. ಹುಲ್ಲಿನ ಜೀವವೆಲ್ಲ ಬೇರಿನಲ್ಲಿರುವುದರಿಂದ ಮೇಲೆ ಮೇಯ್ದರೂ ಒಣಗಿದರೂ ಅದು ಮತ್ತೆ ಚಿಗುರಬಲ್ಲದು.

ತೋಳ, ನರಿ, ಚಿಗರಿ, ಕೌಜುಗ ಮತ್ತು ನೆಲಗುಬ್ಬಿಗಳು ಇಂಥ ಬಯಲಿನ ಜೀವಿಗಳು. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಇಲ್ಲಿನ ಮಿಡತೆಗಳನ್ನು ತಿಂದು ಬದುಕುತ್ತವೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೂ, ದೂರದಿಂದಲೇ ವೈರಿಯನ್ನು ಕಂಡು ಓಡಬೇಕಾದ ಚಿಗರಿಗೂ ಮರಗಳು ಒತ್ತಾಗಿ ಬೆಳೆದ ಜಾಗ ಮನೆಯಾಗಲಾರದು.

ಪ್ರಾಚೀನ ಕಾಲ

ಈ ಸೀಮೆಗೆ ಹೊಂದಿಕೊಂಡ ಸುರಪುರ ಭಾಗ ದಕ್ಷಿಣ ಭಾರತದ ನವಶಿಲಾಯುಗದ ಮುಖ್ಯ ನೆಲೆಗಳಲ್ಲೊಂದು. ಆ ಯುಗದ ಬೂದಿದಿಬ್ಬಗಳು ದನದ ಸಗಣಿಯನ್ನು ರಾಶಿ ಹಾಕಿ ಸುಟ್ಟದ್ದರಿಂದ ಆದವು ಎಂಬುದನ್ನು ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಉಟ್ನೂರಿನ ಉತ್ಖನನದಿಂದ ಸ್ಥಾಪಿಸಿದರು. ಮುಂದೆ 1990ರ ದಶಕದಲ್ಲಿ ಕೆ. ಪದ್ದಯ್ಯ ಅವರು ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ನಡೆಸಿದ ಉತ್ಖನನ ದನದ ದೊಡ್ಡಿಯನ್ನೂ ಅದಕ್ಕೆ ಅಂಟಿಕೊಂಡ ವಸತಿಯನ್ನೂ ಒಟ್ಟಿಗೆ ಬೆಳಕಿಗೆ ತಂದಿತು. ಇಂಥ ನೆಲೆಗಳಲ್ಲಿ ದನದ ಎಲುಬುಗಳ ಜೊತೆ ಕುರಿ–ಮೇಕೆಗಳ ಎಲುಬುಗಳೂ ದೊರೆತಿವೆ. ಅಂದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಈ ಬಯಲಿನಲ್ಲಿ ಹಿಂಡುಗಳು ಮೇಯುತ್ತಿದ್ದವು. ಪಕ್ಕದ ಮಹಾರಾಷ್ಟ್ರದಲ್ಲಿ ಮಧ್ಯಯುಗದ ಮರಾಠಿ ಸಾಹಿತ್ಯದ ಗಿಡಮರಗಳ ಉಲ್ಲೇಖಗಳನ್ನು ಪರಿಶೀಲಿಸಿದ ಇತ್ತೀಚಿನ ಅಧ್ಯಯನವೂ ಅಲ್ಲಿನ ಹುಲ್ಲುಬಯಲುಗಳು ಕಾಡು ಕಡಿದು ಉಳಿದ ಜಾಗಗಳಲ್ಲ, ಶತಮಾನಗಳಿಂದ ಹುಲ್ಲುಬಯಲುಗಳೇ ಎಂದು ತೋರಿಸಿದೆ.

ಹಾಲುಮತ ಮತ್ತು ಕುರಿಗಾರಿಕೆ

ಮಡ್ಡಿಯನ್ನು ಬಳಸಿ ಉಳಿಸಿದವರಲ್ಲಿ ಹಾಲುಮತದ ಕುರುಬರು ಮೊದಲಿಗರು. ಬೀರಪ್ಪ, ಮಾಳಿಂಗರಾಯ, ಅಮೋಘಸಿದ್ಧ ಈ ಪರಂಪರೆಯ ದೈವಗಳು. ರಾಜ್ಯದ ಗಡಿಯಾಚೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ಸೇರುವ ಮಾಳಿಂಗರಾಯನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಬರುತ್ತಾರೆ. ಸಿಂದಗಿ ತಾಲ್ಲೂಕಿನ ಗೋಲಗೇರಿ ಶರಣ ಗೊಲ್ಲಾಳೇಶ್ವರನ ಕ್ಷೇತ್ರ. ಕುರಿ ಕಾಯುತ್ತಿದ್ದ ಗೊಲ್ಲಾಳ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದ, ಅದೇ ಲಿಂಗವಾಯಿತು ಎಂಬುದು ಅಲ್ಲಿನ ಐತಿಹ್ಯ. ಹೊಲಕ್ಕೆ ಗೊಬ್ಬರವಾಗಿ ಅನ್ನ ಕೊಡುವ ಹಿಕ್ಕೆಯನ್ನು ದೈವದ ಸ್ಥಾನಕ್ಕೇರಿಸಿದ ಈ ಕಥೆ ಎರೆ ಮತ್ತು ಮಡ್ಡಿಗಳ ನಂಟನ್ನು ಬಲ್ಲ ಜನರ ನಡುವೆ ಬೆಳೆದದ್ದು.

ಇಲ್ಲಿ ಮೇಯುವ ಮುಖ್ಯ ತಳಿ ದಖ್ಖನಿ. ಕಪ್ಪು ಒರಟು ಉಣ್ಣೆಯ ಈ ಕುರಿ ಒಣಹುಲ್ಲು, ಕೂಳೆ ತಿಂದು ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯಬಲ್ಲದು. ಕಂಬಳಿ ನೇಯುವುದು ಇದರ ಉಣ್ಣೆಯಿಂದಲೇ. ಯಳಗ, ಕೆಂಗುರಿ ತಳಿಗಳೂ ಕೃಷ್ಣೆಯ ಇಕ್ಕೆಲಗಳಲ್ಲಿವೆ.

ಹಿಂಡುಗಳ ಚಲನೆಗೆ ಋತುವಿನ ಲೆಕ್ಕವಿದೆ. ಮಳೆಗಾಲದಲ್ಲಿ ಎರೆಹೊಲ ಕೆಸರಾಗಿ ಕುರಿಯ ಗೊರಸು ಕೊಳೆಯುತ್ತದೆ. ಆಗ ಹಿಂಡು ನೀರು ನಿಲ್ಲದ ಮಡ್ಡಿಯ ಮೇಲಿರುತ್ತದೆ. ದೀಪಾವಳಿಯ ನಂತರ ಹಟ್ಟಿಗಳು (ಹಿಂಡಿನೊಡನೆ ಸಾಗುವ ಕುರಿಗಾಹಿಗಳ ತಂಡಗಳು) ಸಂಚಾರ ಹೊರಡುತ್ತವೆ. ಹೀಗೆ ವರ್ಷದ ದೊಡ್ಡ ಭಾಗ ಮಡ್ಡಿಗೆ ಬಿಡುವು ಸಿಗುತ್ತದೆ, ಹುಲ್ಲಿನ ಬೀಜ ನೆಲಕ್ಕೆ ಬೀಳುತ್ತದೆ. ಜೋಳದ ಕೊಯ್ಲು ಮುಗಿದ ಮೇಲೆ ರೈತರು ತಾವಾಗಿಯೇ ಕುರಿಗಾಹಿಯನ್ನು ಕರೆದು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಸಂಜೆ ಹಿಂಡು ಹೊಲ ಸೇರುತ್ತಲೇ ಗೂಟ ನೆಟ್ಟು ಬಲೆ ಕಟ್ಟುತ್ತಾರೆ. ಎಳೆಮರಿಗಳನ್ನು ಬಿದಿರಿನ ಬುಟ್ಟಿಯಡಿ ಮುಚ್ಚಿ, ತಾಯಿ ಬಂದಾಗ ಒಂದೊಂದನ್ನೇ ಬಿಟ್ಟು ಹಾಲು ಕುಡಿಸುತ್ತಾರೆ. ರಾತ್ರಿಯಿಡೀ ನಾಯಿಗಳು ಕಾವಲಿರುತ್ತವೆ. ಮರುದಿನ ಬಲೆಯನ್ನು ಹೊಲದ ಇನ್ನೊಂದು ಮಗ್ಗುಲಿಗೆ ಸರಿಸುತ್ತಾರೆ. ಹಿಕ್ಕೆ, ಗಂಜಲ ಹೊಲವೆಲ್ಲ ಸಮನಾಗಿ ಬೀಳಬೇಕು. ಇದಕ್ಕೆ ರೈತ ಕೊಡುತ್ತಿದ್ದದ್ದು ಕಾಳು, ಈಗ ಬಹುತೇಕ ಹಣ. ಮಡ್ಡಿಯ ಹುಲ್ಲು ಎರೆಯ ಗೊಬ್ಬರವಾಗುವ ದಾರಿ ಇದು.

ವಸಾಹತು ಕಾಲ

1876–78ರ ಬರಗಾಲ ಈ ಸೀಮೆಯನ್ನು ನುಚ್ಚುನೂರು ಮಾಡಿತು. ಈ ಸೀಮೆ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872 ಮತ್ತು 1881ರ ಜನಗಣತಿಗಳ ನಡುವೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಬ್ರಿಟಿಷ್ ಆಡಳಿತದ ಭೂಮಾಪನ ಹೊಲಹೊಲಕ್ಕೂ ಕಂದಾಯ ಕಟ್ಟಿತು, ಊರಿಗೊಂದಿಷ್ಟು ಗಾಯರಾಣವನ್ನು (ಸಾಮುದಾಯಿಕ ಮೇವಿನ ನೆಲ, ಗೋಮಾಳ) ಬಿಟ್ಟಿತು. ಕಂದಾಯ ತರದ ನೆಲ ಪಾಳು ನೆಲವೆಂಬ ನೋಟ ದಾಖಲೆಗಳಲ್ಲಿ ಬೇರೂರಿದ್ದೂ ಆಗಲೇ. ಕುರಿಗಾಹಿಯ ದಾರಿ, ಅವನು ಊರೂರಿನೊಡನೆ ಮಾಡಿಕೊಂಡಿದ್ದ ಮೇವಿನ ಒಪ್ಪಂದ ಯಾವ ನಕಾಶೆಯಲ್ಲೂ ಬರಲಿಲ್ಲ.

ಸ್ವಾತಂತ್ರ್ಯಾನಂತರ

ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟರು. ನಾರಾಯಣಪುರ ಎಡದಂಡೆ ಕಾಲುವೆಯ ಇಂಡಿ ಶಾಖೆ, ಬಳಿಕ ಏತ ನೀರಾವರಿಗಳು ಬರದ ನಾಡಿಗೆ ನೀರು ತಂದವು. ಅದು ತಲೆಮಾರುಗಳ ಕನಸು. ಆದರೆ ಕಬ್ಬು, ಲಿಂಬೆ, ದ್ರಾಕ್ಷಿ ಏರಿದಂತೆ ಕೂಳೆಯ ಹೊಲಗಳು ಕಡಿಮೆಯಾದವು, ಮಡ್ಡಿಗಳೂ ಉಳುಮೆಗೆ ಒಳಗಾದವು. ಬಸವನ ಬಾಗೇವಾಡಿ ಭಾಗದ ಕೂಡಗಿಯಲ್ಲಿ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ತಲೆಯೆತ್ತಿತು.

1985ರಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾದ ಮೇಲೆ ದೇಶದೆಲ್ಲೆಡೆ ಹುಲ್ಲುಬಯಲು ಗಿಡ ನೆಡುವ ಜಾಗವಾಯಿತು. ವಿಜಯಪುರ ಜಿಲ್ಲೆಯಲ್ಲಿ ಅರಣ್ಯ ಶೇ. 1ಕ್ಕಿಂತ ಕಡಿಮೆ ಎಂಬ ಚಿಂತೆಯಿಂದ ಇಲ್ಲಿಯೂ ಕೋಟಿ ವೃಕ್ಷ ಅಭಿಯಾನದಂಥ ಪ್ರಯತ್ನಗಳು ನಡೆದವು. ಊರು, ರಸ್ತೆ, ಕಾಲುವೆಯ ದಂಡೆಗಳಿಗೆ ಮರ ಬೇಕು. ಹುಲ್ಲಿನ ಮಡ್ಡಿಗೆ ಮಾತ್ರ ನೆಡುತೋಪು ಪೋಷಣೆಯಲ್ಲ, ಅತಿಕ್ರಮಣ. ಬಿತ್ತದೆಯೂ ಹಬ್ಬುವ ಬಳ್ಳಾರಿ ಜಾಲಿ ಈ ಹಾನಿಯನ್ನು ಹೆಚ್ಚಿಸಿದೆ.

ಸಂರಕ್ಷಣೆ

ಸಿಂದಗಿ ಸೀಮೆಯ ಮಡ್ಡಿಗಳಿಗೆ ವನ್ಯಜೀವಿ ಧಾಮದ ರಕ್ಷಣೆ ಇಲ್ಲ. ಸುತ್ತಲಿನ ಧಾಮಗಳ ಅನುಭವ ಮಾತ್ರ ಪಾಠವಾಗುವಂಥದ್ದು. ಉತ್ತರಕ್ಕೆ ಸೊಲ್ಲಾಪುರದ ನಾನಜ್ ಬಯಲಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ (ಎರೆಭೂತ) ಹಕ್ಕಿಗಾಗಿ 1979ರಲ್ಲಿ ಘೋಷಿಸಿದ ಧಾಮ 8,496 ಚದರ ಕಿ.ಮೀ. ವ್ಯಾಪ್ತಿಯದಾಗಿತ್ತು. ಊರು, ಹೊಲಗಳನ್ನೆಲ್ಲ ಒಳಗೊಂಡ ಈ ಗಡಿಯನ್ನು ಮುಂದೆ 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ಇಂದು ಅಲ್ಲಿ ಆ ಹಕ್ಕಿ ಕಾಣುವುದೇ ಅಪರೂಪ. ದಕ್ಷಿಣದಲ್ಲಿ 1974ರ ರಾಣೆಬೆನ್ನೂರು ಕೃಷ್ಣಮೃಗ ಧಾಮ (119 ಚದರ ಕಿ.ಮೀ.) ಚಿಗರಿಗಳನ್ನು ಉಳಿಸಿತು, ಆದರೆ ಅದರ ಬಹುಭಾಗ ನೀಲಗಿರಿ ನೆಡುತೋಪಾದ್ದರಿಂದ ಎರೆಭೂತ ಉಳಿಯಲಿಲ್ಲ. ಆಂಧ್ರದ ರೊಳ್ಳಪಾಡಿನಲ್ಲಿ (1988) ಮೇಯಿಸುವುದನ್ನು ತಡೆದಾಗ ಹುಲ್ಲು ಎತ್ತರಕ್ಕೆ ಬೆಳೆಯಿತು, ಚಿಗರಿ ಹೆಚ್ಚಿ ಹೊಲಕ್ಕೆ ನುಗ್ಗಿದವು, ರೈತರು ಮುನಿದರು, ಎರೆಭೂತ ಇಳಿಯುತ್ತ ಹೋಯಿತು. ಕೃಷ್ಣೆಯಾಚೆ, 1997ರವರೆಗೆ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಗೇ ಸೇರಿದ್ದ ಬೀಳಗಿ–ಮುಧೋಳ ಭಾಗದ ಯಡಹಳ್ಳಿಯಲ್ಲಿ 2016ರಲ್ಲಿ 96.36 ಚದರ ಕಿ.ಮೀ. ಚಿಂಕಾರ ಧಾಮ ರೂಪುಗೊಂಡಿತು; ಸಿಂದಗಿಯಂಥದೇ ಹವಾಮಾನದ ಸಮೀಪದ ಮಾದರಿ ಅದು.

ಕುರಿಯನ್ನೇ ಸಂರಕ್ಷಣೆಯ ಸಾಧನವಾಗಿಸಿದ ಪ್ರಸಿದ್ಧ ನಿದರ್ಶನ ಜರ್ಮನಿಯ ಲೂನೆಬುರ್ಗ್ ಬಯಲು. 1909ರಲ್ಲಿ ಹುಟ್ಟಿದ ಸಂಘವೊಂದು ಅಲ್ಲಿ ಜಮೀನು ಕೊಂಡು ಕಾಪಾಡಿತು. 1921ರಲ್ಲಿ ಅದು ರಕ್ಷಿತ ಪ್ರದೇಶವಾಯಿತು. ಹೈಡ್‌ಶ್ನುಕೆ ತಳಿಯ ಕುರಿಗಳು ಅಲ್ಲಿ ಇಂದಿಗೂ ಮೇಯ್ದು ಎಳೆಮರಗಳು ಬಯಲನ್ನು ನುಂಗದಂತೆ ತಡೆಯುತ್ತಿವೆ. ಕುರಿಗಾಹಿಗಳಿಗೆ ಅದು ಸಂಬಳದ ಕೆಲಸ.

ಇಂದಿನ ಸ್ಥಿತಿ

ಮಡ್ಡಿಗೆ ಅಪಾಯ ಎರಡು ಕಡೆಯಿಂದಿದೆ. ಗಾಯರಾಣ ಕುಗ್ಗಿ ಅದೇ ಹಿಂಡು ಸಣ್ಣ ಜಾಗದಲ್ಲಿ ವರ್ಷವಿಡೀ ಮೇಯ್ದರೆ ಬಹುವಾರ್ಷಿಕ ಹುಲ್ಲು ಅಳಿದು ಮಣ್ಣು ಕೊಚ್ಚಿಹೋಗುತ್ತದೆ. ಮೇಯಿಸುವುದು ಪೂರ್ತಿ ನಿಂತರೆ ಪೊದೆ, ಜಾಲಿ ಕವಿಯುತ್ತವೆ. ಎರಡನ್ನೂ ತಪ್ಪಿಸಿದ್ದು ಹಟ್ಟಿಗಳ ಹೋಗಿಬರುವ ಕ್ರಮ. ಕರ್ನಾಟಕದ ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಕಾದಿರಿಸಬೇಕೆನ್ನುತ್ತವೆ. ಊರಿನ ಸಾಮುದಾಯಿಕ ನೆಲದ ಒತ್ತುವರಿ ತೆರವುಗೊಳಿಸಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಸಿಂದಗಿ ಸೀಮೆಗೆ ಬೇಲಿಗಿಂತ ಮೊದಲು ಬೇಕಾದದ್ದು ಉಳಿದ ಗಾಯರಾಣಗಳ ಅಳತೆ, ಕುರಿದಾರಿಗಳಿಗೆ ಕಾನೂನಿನ ಮಾನ್ಯತೆ ಮತ್ತು ಮಡ್ಡಿಯ ಬಗೆಗಿನ ಪ್ರತಿ ನಿರ್ಧಾರದಲ್ಲೂ ಕುರಿಗಾಹಿಗೆ ಒಂದು ಸ್ಥಾನ.