ಅರಸುತನವನ್ನು ಉಟ್ಟವಳು: ಎಸ್ತೇರಳ ಗ್ರಂಥದ ಒಂದು ಪದವಿಚಾರ

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬರುವ ದಾರಿಯಲ್ಲಿ, ಬಯಲುಸೀಮೆಯ ಹತ್ತಿಯ ಹೊಲಗಳು ಹಿಂದುಳಿದು ಕಾಡು ದಟ್ಟವಾಗತೊಡಗುವೆಡೆಯಲ್ಲಿ ಕಿರವತ್ತಿಯಿದೆ. ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ನೆಲೆಸಿರುವ ಸೀಮೆಯಿದು. ಆದುದರಿಂದ ಹೀಬ್ರೂ ಧರ್ಮಗ್ರಂಥಗಳಲ್ಲೊಂದಾದ 'ಎಸ್ತೇರಳು', ಪಾರಸಿಯ ಅರಸ ಅಹಷ್ವೇರೋಷನ 127 ಸಂಸ್ಥಾನಗಳು ಹಿಂದೂದೇಶದಿಂದ ಆಫ್ರಿಕಾದ ಕೂಷಿನವರೆಗೆ ಹಬ್ಬಿದ್ದುವೆಂದು ಆರಂಭಿಸುವಾಗ ಇಲ್ಲಿಯ ಓದುಗನಿಗೆ ಅದು ದೂರದ ಮಾತೆನಿಸದು. ಅರಮನೆಯ ತೆರೆಗಳ ವರ್ಣನೆಯಲ್ಲಿ ಬರುವ 'ಕರ್ಪಸ್' ಎಂಬ ಶಬ್ದವೂ ನಮ್ಮ 'ಕಾರ್ಪಾಸ'ವೇ.

ಈ ಗ್ರಂಥವನ್ನು ಚೆಲುವೆಯೊಬ್ಬಳ ಭಾಗ್ಯೋದಯದ ಕಥೆಯೆಂದು ಓದುವುದು ರೂಢಿ. ಮೂಲದ ಕ್ರಿಯಾಪದಗಳು ಬೇರೆಯೇ ಹೇಳುತ್ತವೆ. ಎರಡನೆಯ ಅಧ್ಯಾಯದಲ್ಲಿ ಎಸ್ತೇರಳು ತಾನಾಗಿ ಅರಮನೆಗೆ ಹೋಗುವುದಿಲ್ಲ, 'ಒಯ್ಯಲ್ಪಡುತ್ತಾಳೆ'. ಕಿರೀಟವನ್ನು ಅವಳ ತಲೆಗೆ ಇಡುವವನು ಅರಸ. ಅವಳ ಯೆಹೂದ್ಯ ಕುಲವನ್ನು ಮರೆಮಾಚಬೇಕೆಂದು ವಿಧಿಸಿದವನು ಸಾಕುತಂದೆ ಮೊರ್ದೆಕೈ. ಪಟ್ಟದ ರಾಣಿಯಾದ ಮೇಲೂ ಅವಳು ಅನ್ಯರ ಆಜ್ಞೆಯಲ್ಲಿಯೇ ಇದ್ದಳು. ಅರಸನ ಮಂತ್ರಿ ಹಾಮಾನನ ಕುತಂತ್ರದಿಂದ ಯೆಹೂದ್ಯರೆಲ್ಲರ ಸಂಹಾರಕ್ಕೆ ದಿನವು ಗೊತ್ತಾದಾಗಲೂ, ಕರೆಯಿಲ್ಲದೆ ಒಳ ಅಂಗಳಕ್ಕೆ ಕಾಲಿಟ್ಟವರಿಗೆ, ಅರಸನು ಚಿನ್ನದ ದಂಡವನ್ನು ಚಾಚದಿದ್ದರೆ ಮರಣವೇ ವಿಧಿಯಾಗಿರಲು, ಅರಸನ ಬಳಿಗೆ ಹೋಗಿ ಬೇಡಿಕೊಳ್ಳೆಂದ ಮೊರ್ದೆಕೈಗೆ, ಮೂವತ್ತು ದಿನಗಳಿಂದ ತನಗೆ ಕರೆ ಬಂದಿಲ್ಲವೆಂದು ಅವಳು ಹೇಳಿಕಳುಹಿಸಿದುದರಲ್ಲಿ ಭಯವಿಲ್ಲದಿರಲಿಲ್ಲ. ಆದರೆ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಮಾತು ತಿರುವುಮುರುವಾಗುತ್ತದೆ: ಮೂರು ದಿನ ಉಪವಾಸವಿರಬೇಕೆಂದು ಅವಳು ವಿಧಿಸುತ್ತಾಳೆ, ಮೊರ್ದೆಕೈಯೇ ಅವಳ ಅಪ್ಪಣೆಯಂತೆ ನಡೆಯುತ್ತಾನೆ.

ಮೂರನೆಯ ದಿನ ಅವಳು ಅಂಗಳದಲ್ಲಿ ನಿಲ್ಲುವಾಗಿನ ಮಾತನ್ನು ಅನುವಾದಗಳು ಸಾಮಾನ್ಯವಾಗಿ ರಾಜವಸ್ತ್ರವನ್ನು ಧರಿಸಿದಳೆಂದು ತಿಳಿಸುತ್ತವೆ. ಮೂಲದಲ್ಲಿ 'ವಸ್ತ್ರ'ವೆಂಬ ಪದವಿಲ್ಲ. 'ಮಲ್ಖೂತ್' ಎಂದಿದೆ, ಅದರ ಅರ್ಥ ಅರಸುತನ. ಅವಳು ಅರಸುತನವನ್ನೇ ಉಟ್ಟಳು. ನಮ್ಮ ನುಡಿಯಲ್ಲಿ ಪಟ್ಟವನ್ನು ಕಟ್ಟುತ್ತಾರೆ, ಕಟ್ಟುವ ಕೈ ಇನ್ನೊಬ್ಬರದು. ಉಡುವುದಾದರೋ ತಾನೇ ಮಾಡುವ ಕೆಲಸ. ಕಿರೀಟವು ಕೊಡದಿದ್ದ ಅರಸುತನವು, ಪ್ರಾಣವನ್ನು ಪಣವಾಗಿಟ್ಟ ಆ ಘಳಿಗೆಯಲ್ಲಿ ಅವಳದಾಯಿತೆಂಬುದೇ ನನ್ನ ಅಭಿಪ್ರಾಯ.

ಇದೇ ಧರ್ಮಗ್ರಂಥಗಳ ಈಜೆಬೆಲಳೂ ರಾಣಿಯೇ, ಓಲೆ ಬರೆದವಳೇ. ಆದರೆ ನಾಬೋತನ ದ್ರಾಕ್ಷಿತೋಟವನ್ನು ಕಸಿಯಲು ಅವಳು ಬರೆದುದು ಗಂಡ ಅಹಾಬನ ಹೆಸರಿನಲ್ಲಿ, ಅವನ ಮುದ್ರೆಯೊತ್ತಿ. ಎಸ್ತೇರಳಾದರೋ, ಯೆಹೂದ್ಯರು ಆ ಸಂಹಾರದಿಂದ ಪಾರಾದುದನ್ನು ನೆನೆಯುವ ಪೂರೀಮ್ ಹಬ್ಬವನ್ನು ಸ್ಥಿರಪಡಿಸುವ ಓಲೆಯನ್ನು ಅಬೀಹೈಲನ ಮಗಳೆಂಬ ಸ್ವನಾಮದಿಂದ ಬರೆದಳು. ಮೊರ್ದೆಕೈ ಜೊತೆಗಿದ್ದರೂ ಅಲ್ಲಿಯ ಕ್ರಿಯಾಪದ ಸ್ತ್ರೀಲಿಂಗ ಏಕವಚನದಲ್ಲಿದೆ. ಅವಳನ್ನು ನಿಷ್ಕಳಂಕೆಯೆಂದು ಹೊಗಳಲು ನಾನು ಒಪ್ಪೆನು: ರಾಜಧಾನಿ ಶೂಷನ್ ನಗರದಲ್ಲಿ ಯೆಹೂದ್ಯರ ವೈರಿಗಳ ಕೊಲೆಗೆ ಇನ್ನೊಂದು ದಿನವನ್ನು ಬೇಡಿದವಳೂ ಅವಳೇ, ಆ ದಿನ ಸತ್ತವರು 300 ಮಂದಿ. ಉಟ್ಟ ಅರಸುತನದ ಭಾರವನ್ನು ಗ್ರಂಥವು ಮುಚ್ಚಿಡುವುದಿಲ್ಲ.

ಅರಸುತನವನ್ನು ತಾನೇ ಉಟ್ಟ ಇನ್ನೊಬ್ಬ ರಾಣಿ, ಸಿದ್ದಾಪುರದ ನೆರೆಯ ಸೀಮೆಯ ಕೆಳದಿ ಚೆನ್ನಮ್ಮಾಜಿಯನ್ನು ಇಲ್ಲಿ ನೆನೆಯಬೇಕು. ಪತಿ ಸೋಮಶೇಖರ ನಾಯಕನ ಮರಣಾನಂತರ ರಾಜ್ಯಭಾರವನ್ನು ತಾನೇ ವಹಿಸಿಕೊಂಡ ಆಕೆಗೆ ಅಂಗಳದಲ್ಲಿ ನಿಂತು ಯಾರ ದಂಡವನ್ನೂ ಕಾಯಬೇಕಾಗಿರಲಿಲ್ಲ. ಆದರೆ 1689ರಲ್ಲಿ, ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನು ಆಶ್ರಯವನ್ನು ಯಾಚಿಸಿದಾಗ, ರಾಜ್ಯವನ್ನೇ ಪಣವಾಗಿಡಬೇಕಾದ ಮಾತೊಂದನ್ನು ಆಕೆಯೂ ಕೊಡಬೇಕಾಯಿತು. ಆಕೆ ಕೊಟ್ಟಳು. ಮೊಗಲರ ಸೈನ್ಯವು ಮಲೆನಾಡಿನ ಮೇಲೆ ಬಂದಿತು. ಅಷ್ಟರಲ್ಲಿ ರಾಜಾರಾಮನು ಕೆಳದಿಯ ಸೀಮೆಯನ್ನು ದಾಟಿ ಜಿಂಜಿಯ ಕೋಟೆಯನ್ನು ಸೇರಿದ್ದನು.